ಮೊದಲು ರೈಲಿನ ದಾರಿ, ಆಮೇಲೆ ಮನೆ

ಈ ಸಲ ಬಂದ ಪತ್ರಗಳಲ್ಲಿ ಮೂರು ಜರ್ಮನಿಯ ಮ್ಯೂನಿಕ್ ಬಗ್ಗೆಯೇ ಇವೆ. ನಾನು ಆ ಊರಿಗೆ ಕೆಲಸಕ್ಕೆಂದು ಬಂದಿದ್ದು 2013ರ ನವೆಂಬರ್‌ನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ನಾಲ್ಕು ಮನೆ ಬದಲಾಯಿಸಿದ್ದೇನೆ. ಹಾಗಾಗಿ ಮೂರಕ್ಕೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ಮೊದಲನೆಯದಕ್ಕೆ ಜಾಗ ಜಾಸ್ತಿ ಬೇಕು.

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ ಮ್ಯೂನಿಕ್ ಪಕ್ಕದ ಗಾರ್ಶಿಂಗ್‌ನಲ್ಲಿ ಕೆಲಸ ಸಿಕ್ಕಿದೆ. ಇನ್ನೆರಡು ತಿಂಗಳಲ್ಲಿ ಸೇರಬೇಕು. ಮೊದಲು ನಾನೊಬ್ಬನೇ ಹೋಗುತ್ತೇನೆ. ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಆರು ತಿಂಗಳ ನಂತರ ಬರುತ್ತಾರೆ. ದಿನಾ ರಾತ್ರಿ ಕೂತು ಮನೆ ಹುಡುಕುತ್ತಿದ್ದೇನೆ. ಅರವತ್ತು ಜನಕ್ಕೆ ಮೆಸೇಜ್ ಕಳಿಸಿದೆ. ಉತ್ತರ ಬಂದಿದ್ದು ಎರಡೇ, ಅದೂ ‘ಬಂದು ನೋಡಿ’ ಅಂತ. ಏರ್ಡಿಂಗ್ ಅನ್ನುವ ಊರಲ್ಲಿ ಬಾಡಿಗೆ ಸ್ವಲ್ಪ ಕಡಿಮೆ, ಮನೆಯೂ ದೊಡ್ಡದು. ನಕ್ಷೆಯಲ್ಲಿ ಗಾರ್ಶಿಂಗ್‌ಗೆ ಹತ್ತಿರವೇ ಕಾಣುತ್ತದೆ. ಇಲ್ಲಿಂದಲೇ ಅಗ್ರಿಮೆಂಟ್ ಮಾಡಿಕೊಂಡುಬಿಡಲೇ? ಇನ್ನೊಂದು ವಿಷಯ, ಒಂದೇ ಮನೆಗೆ ಎರಡು ಬಾಡಿಗೆ ಬರೆದಿರುತ್ತಾರೆ. ಯಾವುದನ್ನು ನಂಬಬೇಕು?

ಉತ್ತರ: ಇಲ್ಲಿಂದಲೇ ಸಹಿ ಹಾಕಬೇಡಿ. ಏರ್ಡಿಂಗ್ ಮನೆಗಂತೂ ಬೇಡವೇ ಬೇಡ. ಆ ದಾರಿಯಲ್ಲಿ ನಾನು ಎರಡು ಚಳಿಗಾಲ ಓಡಾಡಿದ್ದೇನೆ.

ನನ್ನ ಆಫೀಸ್ ಕೂಡ ಗಾರ್ಶಿಂಗ್‌ನಲ್ಲೇ ಇತ್ತು. ನಕ್ಷೆಯಲ್ಲಿ ಏರ್ಡಿಂಗ್‌ನಿಂದ ಗಾರ್ಶಿಂಗ್‌ಗೆ ಗೆರೆ ಎಳೆದರೆ ಇಪ್ಪತ್ತು ಕಿಲೋಮೀಟರ್ ಅಷ್ಟೇ. ಅರ್ಧ ಗಂಟೆ ಸಾಕು ಅಂದುಕೊಂಡೆ. ಆದರೆ ಮ್ಯೂನಿಕ್‌ನ ರೈಲು ಮಾರ್ಗಗಳು ಬಂಡಿ ಚಕ್ರದ ಅರಗಳ ಹಾಗೆ. ಎಲ್ಲವೂ ಊರ ನಡುವಿನಿಂದ ಹೊರಟು ಹೊರಗೆ ಚಾಚಿಕೊಂಡಿವೆ. ಒಂದು ಅರದ ತುದಿಯಿಂದ ಪಕ್ಕದ ಅರದ ತುದಿಗೆ ಹೋಗಬೇಕಾದರೆ ನಡುವಿಗೆ ಬಂದು ಮತ್ತೆ ಹೊರಗೆ ಹೋಗಬೇಕು. ಏರ್ಡಿಂಗ್ ಇರುವುದು ಎಸ್-ಬಾನ್ ಅನ್ನುವ ಉಪನಗರ ರೈಲಿನ ಎಸ್2 ಮಾರ್ಗದ ಕೊನೆಯಲ್ಲಿ. ಗಾರ್ಶಿಂಗ್ ಇರುವುದು ಉ6 (U6) ಮೆಟ್ರೊ ಮಾರ್ಗದ ಕೊನೆಯಲ್ಲಿ. ಹಾಗಾಗಿ ಏರ್ಡಿಂಗ್‌ನಿಂದ ಮುಕ್ಕಾಲು ಗಂಟೆ ಕೂತು ಊರ ನಡುವಿನ ನಿಲ್ದಾಣವಾದ ಮಾರಿಯನ್‌ಪ್ಲಾಟ್ಸ್‌ಗೆ ಬರುವುದು, ಅಲ್ಲಿ ಇಳಿದು ಉ6 ಹತ್ತಿ ಮತ್ತೆ ಅರ್ಧ ಗಂಟೆ ಉತ್ತರಕ್ಕೆ ಹೋಗುವುದು. ಮನೆ ಬಾಗಿಲಿನಿಂದ ಆಫೀಸ್ ಬಾಗಿಲಿಗೆ ಒಂದೂವರೆ ಗಂಟೆಗೆ ಕಡಿಮೆ ಇರಲಿಲ್ಲ. ಬರೋದೂ ಅಷ್ಟೇ.

ಅದರ ಮೇಲೆ ಇನ್ನೊಂದು ತೊಂದರೆ. ಮಾರ್ಕ್ಟ್ ಶ್ವಾಬೆನ್ ಅನ್ನುವ ಊರಿನಿಂದ ಏರ್ಡಿಂಗ್‌ವರೆಗೆ ಒಂದೇ ಹಳಿ. ಎದುರಿನ ರೈಲು ತಡವಾದರೆ ನಮ್ಮದೂ ನಿಂತು ಕಾಯಬೇಕು. ಎಸ್-ಬಾನ್ ರೈಲುಗಳು ಸಾಮಾನ್ಯವಾಗಿ ಇಪ್ಪತ್ತು ನಿಮಿಷಕ್ಕೊಂದು. ನಾಲ್ಕು ನಿಮಿಷ ತಡವಾಗಿ ಮಾರಿಯನ್‌ಪ್ಲಾಟ್ಸ್‌ಗೆ ಬಂದು, ಮೆಟ್ಟಿಲು ಇಳಿಯುವಷ್ಟರಲ್ಲಿ ನನ್ನ ರೈಲಿನ ಕೆಂಪು ದೀಪ ಸುರಂಗದೊಳಗೆ ಹೋಗಿಬಿಡುತ್ತಿತ್ತು. ಡಿಸೆಂಬರ್‌ನಲ್ಲಿ ಅಲ್ಲಿ ಬೆಳಗಾಗುವುದು ಎಂಟು ಗಂಟೆಗೆ. ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಕತ್ತಲಲ್ಲಿ ಹೊರಟು ಕತ್ತಲಲ್ಲೇ ಮನೆಗೆ ಬರುತ್ತಿದ್ದೆ. ಮನೆಗೆ ದೊಡ್ಡ ಬಾಲ್ಕನಿ ಇತ್ತು. ಆ ಬಾಲ್ಕನಿಯನ್ನು ಹಗಲು ಹೊತ್ತಲ್ಲಿ ನೋಡಲು ಶನಿವಾರದವರೆಗೆ ಕಾಯಬೇಕಿತ್ತು.

ಅದಕ್ಕೇ ಹೇಳುತ್ತಿದ್ದೇನೆ. ನೀವು ಹುಡುಕಬೇಕಾದದ್ದು ಊರನ್ನಲ್ಲ, ಮಾರ್ಗವನ್ನು. ನಿಮ್ಮದು ಉ6. ಆ ಮಾರ್ಗದ ನಿಲ್ದಾಣಗಳ ಪಟ್ಟಿ ಇಟ್ಟುಕೊಂಡು ಕೂರಿ. ಗಾರ್ಶಿಂಗ್, ಫ್ರೋಟ್‌ಮಾನಿಂಗ್, ಕೀಫರ್ನ್‌ಗಾರ್ಟೆನ್, ಫ್ರೈಮಾನ್, ಸ್ಟುಡೆಂಟನ್‌ಸ್ಟಾಟ್, ಮ್ಯೂನ್ಶ್ನರ್ ಫ್ರೈಹೈಟ್, ಹೀಗೆ ದಕ್ಷಿಣಕ್ಕೆ ಹೋಗುತ್ತದೆ. ಪ್ರತಿ ನಿಲ್ದಾಣದಿಂದ ಹತ್ತು ಹನ್ನೆರಡು ನಿಮಿಷ ನಡೆಯುವ ದೂರದೊಳಗೆ ಮನೆ ನೋಡಿ. ಬಾಡಿಗೆ ಏರ್ಡಿಂಗ್‌ಗಿಂತ ಜಾಸ್ತಿ ಇರುತ್ತದೆ, ಮನೆ ಚಿಕ್ಕದಿರುತ್ತದೆ. ಆದರೂ ದಿನಕ್ಕೆ ಎರಡು ಗಂಟೆ ಉಳಿಯುತ್ತದೆ ಅಲ್ವಾ? ನಾಲ್ಕು ವರ್ಷದ ಮಗು ಇರುವ ಮನೆಯಲ್ಲಿ ಸಂಜೆಯ ಆ ಎರಡು ಗಂಟೆಗೆ ಬೆಲೆ ಕಟ್ಟಲು ಆಗುವುದಿಲ್ಲ. ಫ್ರೋಟ್‌ಮಾನಿಂಗ್ ಬಗ್ಗೆ ಒಂದು ಮಾತು. ಅಲಿಯಾನ್ಸ್ ಅರೇನಾ ಫುಟ್‌ಬಾಲ್ ಮೈದಾನ ಇರುವುದು ಅಲ್ಲೇ. ಬಯರ್ನ್ ತಂಡದ ಪಂದ್ಯ ವಾರದ ದಿನ ಸಂಜೆ ಇದ್ದರೆ ಉ6ರಲ್ಲಿ ಕಾಲಿಡಲು ಜಾಗ ಇರಲ್ಲ. ಪಂದ್ಯದ ದಿನಗಳನ್ನು ಫೋನಿನ ಕ್ಯಾಲೆಂಡರ್‌ಗೆ ಹಾಕಿಕೊಂಡರೆ ಸಾಕು, ಅವತ್ತು ಒಂದು ಗಂಟೆ ಮೊದಲೇ ಹೊರಡಬಹುದು.

ಇನ್ನು ಎರಡು ಬಾಡಿಗೆಯ ವಿಷಯ. ಎರಡೂ ನಿಜ. ಕಾಲ್ಟ್‌ಮೀಟೆ ಅಂದರೆ ‘ತಣ್ಣನೆ ಬಾಡಿಗೆ’, ಬರೀ ಜಾಗಕ್ಕೆ. ವಾರ್ಮ್‌ಮೀಟೆ ಅಂದರೆ ‘ಬಿಸಿ ಬಾಡಿಗೆ’. ಅದರಲ್ಲಿ ನೇಬೆನ್‌ಕೋಸ್ಟೆನ್ ಅನ್ನುವ ಮೇಲುಖರ್ಚು ಸೇರಿರುತ್ತದೆ. ನೀರು, ಕಸ, ಮೆಟ್ಟಿಲು ಗುಡಿಸುವುದು, ಹೆಚ್ಚಿನ ಕಡೆ ಹೀಟಿಂಗ್ ಕೂಡ. ಕರೆಂಟು ಮತ್ತು ಇಂಟರ್ನೆಟ್ ಸಾಮಾನ್ಯವಾಗಿ ಇದರಲ್ಲಿ ಇರಲ್ಲ. ಟಿವಿ ಇರಲಿ ಬಿಡಲಿ, ಪ್ರತಿ ಮನೆಯೂ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಬೇಕು. ನೇಬೆನ್‌ಕೋಸ್ಟೆನ್ ಒಂದು ಮುಂಗಡ ಲೆಕ್ಕ. ವರ್ಷಕ್ಕೊಮ್ಮೆ ನಿಜವಾದ ಖರ್ಚು ಲೆಕ್ಕ ಹಾಕಿ, ಉಳಿದಿದ್ದರೆ ವಾಪಸ್ ಕೊಡುತ್ತಾರೆ, ಕಡಿಮೆ ಬಿದ್ದರೆ ಕೇಳುತ್ತಾರೆ. ಚಳಿಗಾಲ ಕಠಿಣವಾಗಿದ್ದರೆ ಕೇಳುವ ಸಾಧ್ಯತೆಯೇ ಜಾಸ್ತಿ. ಹಾಗಾಗಿ ಸ್ವಲ್ಪ ದುಡ್ಡು ಅದಕ್ಕೂ ಎತ್ತಿಡಿ.

ಮ್ಯೂನಿಕ್‌ನಲ್ಲಿ ಹೊಸದಾಗಿ ಬಾಡಿಗೆಗೆ ಬರುವ ಮನೆಗಳ ತಣ್ಣನೆ ಬಾಡಿಗೆ ಚದರ ಮೀಟರಿಗೆ 20 ಯೂರೋ ದಾಟಿದೆ. 60 ಚದರ ಮೀಟರ್ ಮನೆ ಅಂದರೆ 1,200ರಿಂದ ಮೇಲೆ ಅಂತ ಇಟ್ಟುಕೊಳ್ಳಿ. ಡೆಪಾಸಿಟ್ಟಿಗೆ ಅಲ್ಲಿ ಕೌತ್ಸಿಯೋನ್ ಅನ್ನುತ್ತಾರೆ. ಕಾನೂನಿನ ಪ್ರಕಾರ ಅದು ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಜಾಸ್ತಿ ಇರುವ ಹಾಗಿಲ್ಲ. ನಿಮ್ಮ ಲೆಕ್ಕದಲ್ಲಿ 3,600. ತುಂಬಾ ಜನಕ್ಕೆ ಗೊತ್ತಿಲ್ಲದ್ದು ಏನೆಂದರೆ, ಅದನ್ನು ಮೂರು ತಿಂಗಳ ಸಮ ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಹೊಸ ದೇಶ, ಮೊದಲ ಸಂಬಳ ಇನ್ನೂ ಬಂದಿಲ್ಲ. ಆಗ ಈ ಒಂದು ಹಕ್ಕು ಉಸಿರು ಬಿಡಲು ಅವಕಾಶ ಕೊಡುತ್ತದೆ.

ಕೋಣೆ ಎಣಿಸುವ ಕ್ರಮವೂ ಬೇರೆ. ‘2 ತ್ಸಿಮ್ಮರ್’ ಅಂದರೆ ಒಂದು ಹಾಲ್, ಒಂದು ಬೆಡ್‌ರೂಮ್. ಅಡುಗೆಮನೆ, ಬಚ್ಚಲು ಲೆಕ್ಕಕ್ಕಿಲ್ಲ. ಎರಡು ಬೆಡ್‌ರೂಮ್ ಬೇಕಾದರೆ 3 ತ್ಸಿಮ್ಮರ್ ಅಂತ ಹುಡುಕಿ. ‘ಅಡುಗೆಮನೆ ಇದೆ’ ಅನ್ನುವ ಮಾತನ್ನಂತೂ ಕೇಳಿ ಖಚಿತ ಮಾಡಿಕೊಳ್ಳಿ. ನನ್ನ ಎರಡನೇ ಮನೆಯ ಬೀಗ ತೆಗೆದು ಒಳಗೆ ಹೋದಾಗ ಅಡುಗೆಮನೆ ಅನ್ನುವ ಕೋಣೆಯಲ್ಲಿ ಇದ್ದದ್ದು ನಾಲ್ಕು ಗೋಡೆ, ಗೋಡೆಯಿಂದ ಹೊರಗೆ ಬಂದ ಎರಡು ನೀರಿನ ಪೈಪು, ಒಲೆಗೆ ಅಂತ ಒಂದು ಕರೆಂಟ್ ಪಾಯಿಂಟ್. ಸಿಂಕ್ ಇಲ್ಲ, ಒಲೆ ಇಲ್ಲ, ಒಂದು ಕಪಾಟೂ ಇಲ್ಲ. ಪ್ರತಿ ಕೋಣೆಯ ಸೂರಿನಿಂದ ಎರಡು ವೈರು ನೇತಾಡುತ್ತಿದ್ದವು, ಬಲ್ಬಿನ ಹೋಲ್ಡರ್ ಕೂಡ ಇರಲಿಲ್ಲ. ಅಲ್ಲಿ ಅದು ಸಹಜ. ಹಿಂದೆ ಇದ್ದವರು ತಮ್ಮ ಅಡುಗೆಮನೆಯನ್ನು ಬಿಚ್ಚಿಕೊಂಡು ಹೋಗುತ್ತಾರೆ, ಇಲ್ಲವೇ ಬರುವವರಿಗೆ ಮಾರುತ್ತಾರೆ. ಜಾಹೀರಾತಿನಲ್ಲಿ ಐನ್‌ಬೌಕ್ಯೂಶೆ ಅಥವಾ ಚಿಕ್ಕದಾಗಿ ‘ಇಬಿಕೆ’ ಅಂತ ಇದ್ದರೆ ಮಾತ್ರ ಅಡುಗೆಮನೆ ಮನೆಯ ಜೊತೆ ಬರುತ್ತದೆ. ನೀವು ಮೊದಲ ಸಲ ಹೋಗುವವರು, ಇಬಿಕೆ ಇರುವ ಮನೆಯನ್ನೇ ನೋಡಿ.

ಈಗ ನಿಮಗೆ ಯಾಕೆ ಉತ್ತರ ಬರುತ್ತಿಲ್ಲ ಅಂತ ಹೇಳುತ್ತೇನೆ. ದೂರದಲ್ಲಿರುವವರಿಗೆ ಅಲ್ಲಿನ ಮನೆ ಓನರ್‌ಗಳು ಮನೆ ಕೊಡುವುದು ಕಷ್ಟ. ಒಂದು ಮನೆಗೆ ನೂರಾರು ಜನ ಬರೆಯುತ್ತಾರೆ. ಕಣ್ಣೆದುರು ಬಂದು ನಿಂತವರನ್ನು ಬಿಟ್ಟು ಬೇರೆ ದೇಶದಲ್ಲಿರುವವರನ್ನು ಅವರು ಆರಿಸುವುದಿಲ್ಲ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಸದ್ಯಕ್ಕೆ ಆ ಅರವತ್ತು ಮೆಸೇಜಿನ ಶ್ರಮ ಬಿಡಿ. ಅದರ ಬದಲು ಮೊದಲ ಎರಡು ಮೂರು ತಿಂಗಳಿಗೆ ಸಾಮಾನು ಸಮೇತ ಇರುವ ತಾತ್ಕಾಲಿಕ ಮನೆ ಅಥವಾ ಒಂದು ರೂಮು ಹುಡುಕಿ. ನಿಮ್ಮ ಕಂಪನಿಯ ಎಚ್‌ಆರ್‌ನವರನ್ನು ನೇರವಾಗಿ ಕೇಳಿ, ಸಂಕೋಚ ಬೇಡ. ಆದರೆ ಬುಕ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ‘ಇಲ್ಲಿ ಆನ್‌ಮೆಲ್ಡುಂಗ್ ಮಾಡಿಸಲು ಆಗುತ್ತದಾ?’

ಆನ್‌ಮೆಲ್ಡುಂಗ್ ಅಂದರೆ ವಿಳಾಸ ನೋಂದಣಿ. ಮನೆಗೆ ಬಂದ ಎರಡು ವಾರದೊಳಗೆ ಆಯಾ ಊರಿನ ಕಚೇರಿಗೆ ಹೋಗಿ ಮಾಡಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಒಂದು ಕಾಗದ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಹೆಸರು ಉದ್ದ, ಕಾಗದ ಒಂದೇ ಪುಟ. ಬಾಡಿಗೆ ಅಗ್ರಿಮೆಂಟ್ ತೋರಿಸಿದರೆ ಸಾಲದು, ಈ ಕಾಗದವೇ ಬೇಕು. ನೋಂದಣಿ ಆದ ಮೇಲೆ ನಿಮ್ಮ ತೆರಿಗೆ ಸಂಖ್ಯೆ ಅಂಚೆಯಲ್ಲಿ ಮನೆಗೆ ಬರುತ್ತದೆ. ಆ ಸಂಖ್ಯೆ ಕೊಡದಿದ್ದರೆ ಕಂಪನಿಯವರು ನಿಮ್ಮನ್ನು 6ನೇ ತೆರಿಗೆ ವರ್ಗಕ್ಕೆ ಹಾಕುತ್ತಾರೆ, ಅಂದರೆ ಎಲ್ಲಕ್ಕಿಂತ ಜಾಸ್ತಿ ತೆರಿಗೆ ಹಿಡಿಯುವ ವರ್ಗ. ಹಣ ಆಮೇಲೆ ವಾಪಸ್ ಬರುತ್ತದೆ ನಿಜ, ಆದರೆ ಮೊದಲ ಸಂಬಳದಲ್ಲೇ ಅಷ್ಟು ಕಡಿತವಾದರೆ ಕೈ ಕಟ್ಟಿದ ಹಾಗಾಗುತ್ತದೆ.

ನನಗೆ ಹಾಗೇ ಆಯಿತು. ನೋಂದಣಿ ಸರಿಯಾಗಿ ಮಾಡಿಸಿದ್ದೆ. ಆದರೆ ಕೆಳಗಿನ ಪೋಸ್ಟ್ ಡಬ್ಬಿಯ ಮೇಲೆ ನನ್ನ ಹೆಸರು ಇರಲಿಲ್ಲ, ರೂಮು ಕೊಟ್ಟವರ ಹೆಸರಷ್ಟೇ ಇತ್ತು. ಅಲ್ಲಿನ ಪೋಸ್ಟ್‌ಮ್ಯಾನ್ ಮನೆ ನಂಬರ್ ನೋಡಿ ಕಾಗದ ಹಾಕುವುದಿಲ್ಲ, ಡಬ್ಬಿಯ ಮೇಲಿನ ಹೆಸರು ನೋಡಿ ಹಾಕುತ್ತಾರೆ. ನನ್ನ ತೆರಿಗೆ ಸಂಖ್ಯೆಯ ಕಾಗದ ವಾಪಸ್ ಹೋಯಿತು. ಆರು ವಾರ ಕಾದೆ. ಕೊನೆಗೆ ಮೇಲಿನ ಮಹಡಿಯ ಅಜ್ಜಿಯೊಬ್ಬರು ಡಬ್ಬಿಯ ಕಡೆ ಬೆರಳು ತೋರಿಸಿ ಹೇಳಿದಾಗಲೇ ಗೊತ್ತಾಗಿದ್ದು. ಅವರೇ ಒಂದು ಬಿಳಿ ಚೀಟಿ ತಂದು, ದೊಡ್ಡ ಅಕ್ಷರದಲ್ಲಿ ನನ್ನ ಹೆಸರು ಬರೆಸಿ, ಟೇಪ್ ಅಂಟಿಸಿ, ಬೆರಳಿನಿಂದ ಎರಡು ಸಲ ಒತ್ತಿದರು. ನೀವು ಹೋದ ದಿನವೇ ಆ ಕೆಲಸ ಮಾಡಿ. ಸೂಟ್‌ಕೇಸ್ ಬಿಚ್ಚುವುದು ಆಮೇಲೆ.

ತಾತ್ಕಾಲಿಕ ಮನೆಯಲ್ಲಿ ಇದ್ದುಕೊಂಡು ಖಾಯಂ ಮನೆ ಹುಡುಕಿ. ಒಂದು ಪಿಡಿಎಫ್ ಸಿದ್ಧ ಇರಲಿ. ಅದರಲ್ಲಿ ಕೆಲಸದ ಒಪ್ಪಂದ, ಬಂದಿದ್ದರೆ ಸಂಬಳದ ಚೀಟಿಗಳು, ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ನಿಮ್ಮ ಬಗ್ಗೆ ಒಂದು ಪುಟ. ಶುಫಾ ಅನ್ನುವ ಸಾಲದ ಇತಿಹಾಸದ ಪತ್ರ ಕೇಳುತ್ತಾರೆ. ಹೊಸಬರ ಶುಫಾದಲ್ಲಿ ಏನೂ ಇರುವುದಿಲ್ಲ, ಅದಕ್ಕೆ ಹೆದರಬೇಡಿ. ‘ನಾನು ಈಗಷ್ಟೇ ಈ ದೇಶಕ್ಕೆ ಬಂದಿದ್ದೇನೆ’ ಅಂತ ಮೊದಲ ಸಾಲಿನಲ್ಲೇ ಬರೆದು ಕಂಪನಿಯ ಪತ್ರ ಜೊತೆಗಿಡಿ. ಮೆಸೇಜ್ ಜರ್ಮನ್ ಭಾಷೆಯಲ್ಲೇ ಇರಲಿ, ಆರೇಳು ಸಾಲು ಸಾಕು. ಮಗಳ ವಿಷಯ ಮುಚ್ಚಿಡಬೇಡಿ. ಇಮೊಬಿಲಿಯನ್‌ಸ್ಕೌಟ್24 ತರಹದ ತಾಣದಲ್ಲಿ ಜಾಹೀರಾತು ಬಂದ ಮೊದಲ ಅರ್ಧ ಗಂಟೆಯಲ್ಲಿ ಕಳಿಸಿದ ಮೆಸೇಜಿಗೂ ಸಂಜೆ ಕಳಿಸಿದ್ದಕ್ಕೂ ತುಂಬಾ ವ್ಯತ್ಯಾಸ ಇದೆ. ಆಫೀಸಿನಲ್ಲೂ ಎಲ್ಲರಿಗೂ ಹೇಳಿಡಿ. ನನ್ನ ಈಗಿನ ಮನೆ ಸಿಕ್ಕಿದ್ದು ಸಹೋದ್ಯೋಗಿಯೊಬ್ಬರು ಊರು ಬಿಡುವಾಗ ಓನರ್‌ಗೆ ನನ್ನ ಹೆಸರು ಹೇಳಿದ್ದರಿಂದ.

ಮನೆ ಇಷ್ಟವಾಯಿತು ಅಂದುಕೊಳ್ಳಿ. ಸಹಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಏಳೂವರೆಗೆ ಆ ಮನೆಯ ಗೇಟಿನ ಮುಂದೆ ನಿಂತು, ಅಲ್ಲಿಂದ ಆಫೀಸಿಗೆ ಹೋಗಿ ನೋಡಿ. ಗಡಿಯಾರ ನೋಡಿಕೊಳ್ಳಿ. ಕೂರಲು ಜಾಗ ಸಿಕ್ಕಿತಾ, ಎಷ್ಟು ಸಲ ಇಳಿದು ಹತ್ತಬೇಕಾಯಿತು, ನಿಲ್ದಾಣದವರೆಗಿನ ರಸ್ತೆಯಲ್ಲಿ ದೀಪ ಇದೆಯಾ ಎಲ್ಲ ಗಮನಿಸಿ. ಆ್ಯಪ್ ಹೇಳುವ ಸಮಯ ನಿಲ್ದಾಣದಿಂದ ನಿಲ್ದಾಣಕ್ಕೆ. ನಿಮ್ಮ ಕಾಲು ನಡೆಯುವುದು ಬಾಗಿಲಿನಿಂದ ಬಾಗಿಲಿಗೆ.

ಓಡಾಟದ ಖರ್ಚಿನ ಬಗ್ಗೆ ಚಿಂತೆ ಬೇಡ. ಡಾಯ್ಚ್‌ಲಾಂಡ್ ಟಿಕೆಟ್ ತೆಗೆದುಕೊಳ್ಳಿ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ ತಿಂಗಳಿಗೆ 63. ದೇಶದ ಎಲ್ಲ ಸಿಟಿ ಬಸ್ಸು, ಟ್ರಾಮ್, ಮೆಟ್ರೊ, ಎಸ್-ಬಾನ್, ಪ್ರಾದೇಶಿಕ ರೈಲಿಗೆ ಅದೊಂದೇ ಸಾಕು. ಐಸಿಇ ತರಹದ ದೂರದ ವೇಗದ ರೈಲಿಗೆ ಮಾತ್ರ ನಡೆಯಲ್ಲ. ನಿಮ್ಮ ಕಂಪನಿ ಕಾಲು ಭಾಗ ಕೊಟ್ಟರೆ ಮತ್ತೆ ಶೇ. 5 ರಿಯಾಯಿತಿ ಸಿಗುತ್ತದೆ, ಕೇಳಿ ನೋಡಿ. ಇದು ತಿಂಗಳು ತಿಂಗಳು ತಾನಾಗಿ ಮುಂದುವರಿಯುತ್ತದೆ. ಮುಂದಿನ ತಿಂಗಳು ಬೇಡವಾದರೆ ಈ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ನಿಲ್ದಾಣಗಳಲ್ಲಿ ಗೇಟು ಇಲ್ಲ, ಯಾರೂ ತಡೆಯುವುದಿಲ್ಲ. ಆದರೆ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಅಲ್ಲೇ 60 ಯೂರೋ ದಂಡ. ಫೋನ್ ಚಾರ್ಜ್ ಮುಗಿದು ಟಿಕೆಟ್ ತೋರಿಸಲು ಆಗದಿದ್ದರೂ ತೊಂದರೆಯೇ.

ಇನ್ನೊಂದು, ಸೆಪ್ಟೆಂಬರ್ ಮೂರನೇ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ ಮ್ಯೂನಿಕ್‌ನ ದೊಡ್ಡ ಬಿಯರ್ ಹಬ್ಬ ಅಕ್ಟೋಬರ್‌ಫೆಸ್ಟ್. ಆಗ ಹೋಟೆಲ್ ರೂಮಿನ ರೇಟು ಆಕಾಶಕ್ಕೆ ಹೋಗಿರುತ್ತದೆ. ಸೇರುವ ದಿನ ಆ ಸಮಯಕ್ಕೆ ಬಿದ್ದರೆ ಕಂಪನಿಯವರಲ್ಲಿ ಎರಡು ವಾರ ಆಚೀಚೆ ಮಾಡಲು ಕೇಳಿಕೊಳ್ಳಿ.

ಪ್ರಶ್ನೆ: ಶ್ವಾಬಿಂಗ್ ಅನ್ನುವ ಒಳ್ಳೆಯ ಬಡಾವಣೆಯಲ್ಲಿ 65 ಚದರ ಮೀಟರ್ ಮನೆ, ಎಲ್ಲಾ ಸೇರಿ 720 ಯೂರೋ. ಫೋಟೋ ತುಂಬಾ ಚೆನ್ನಾಗಿವೆ. ಓನರ್ ಈಗ ಬೇರೆ ದೇಶದಲ್ಲಿದ್ದಾರಂತೆ. ಒಂದು ತಿಂಗಳ ಬಾಡಿಗೆ ಮತ್ತು ಡೆಪಾಸಿಟ್ ಕಳಿಸಿದರೆ ಕೀಲಿ ಕೊರಿಯರ್‌ನಲ್ಲಿ ಕಳಿಸುತ್ತೇನೆ, ಇಷ್ಟವಾಗದಿದ್ದರೆ ಹಣ ವಾಪಸ್ ಅನ್ನುತ್ತಾರೆ. ನಾಳೆಯೊಳಗೆ ಹೇಳಬೇಕಂತೆ. ಪಾಸ್‌ಪೋರ್ಟ್ ಪ್ರತಿ ಕಳಿಸಿದ್ದೇನೆ. ಹಣ ಹಾಕಲೇ?

ಉತ್ತರ: ಹಾಕಬೇಡಿ. ಒಂದು ಯೂರೋ ಕೂಡ ಹಾಕಬೇಡಿ.

ಅಂಥ ಮನೆಯೇ ಇಲ್ಲ. ಶ್ವಾಬಿಂಗ್‌ನಲ್ಲಿ ಅಷ್ಟು ದೊಡ್ಡ ಮನೆ ಆ ಬಾಡಿಗೆಗೆ ಸಿಗುವುದಿಲ್ಲ, ಮೇಲೆ ಹೇಳಿದ ಲೆಕ್ಕ ನೋಡಿ. ಓನರ್ ಬೇರೆ ದೇಶದಲ್ಲಿ, ಕೀಲಿ ಕೊರಿಯರ್‌ನಲ್ಲಿ, ನಾಳೆಯೊಳಗೆ ಹಣ. ಈ ಮೂರೂ ಒಟ್ಟಿಗೆ ಬಂದರೆ ಅದು ಮೋಸ ಅಂತಲೇ ತಿಳಿಯಿರಿ. ಫೋಟೋಗಳನ್ನು ಯಾವುದೋ ಹೋಟೆಲಿನ ಪುಟದಿಂದಲೋ ಹಳೆಯ ಜಾಹೀರಾತಿನಿಂದಲೋ ತೆಗೆದಿರುತ್ತಾರೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳು ಹೀಗೇ 1,900 ಯೂರೋ ಕಳೆದುಕೊಂಡಳು. ಎರಡು ಸೂಟ್‌ಕೇಸ್ ಹಿಡಿದುಕೊಂಡು ಆ ವಿಳಾಸಕ್ಕೆ ಹೋಗಿ ಬೆಲ್ ಒತ್ತಿದರೆ, ಬಾಗಿಲು ತೆಗೆದವರು ಹನ್ನೊಂದು ವರ್ಷದಿಂದ ಅಲ್ಲೇ ವಾಸವಾಗಿದ್ದವರು. ಅವಳು ಓದಿದವಳು, ಜಾಣೆ. ದೂರದಿಂದ ಮನೆ ಹುಡುಕುವವರ ಭಯವನ್ನೇ ಹಿಡಿದು ಇವರು ಆಡಿಸುತ್ತಾರೆ. ಹಾಗಾಗಿ ನಿಮಗೆ ಆಸೆ ಆಗಿದ್ದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ.

ಮನೆಯನ್ನು ನೀವು ಅಥವಾ ನೀವು ನಂಬುವ ಒಬ್ಬರು ಒಳಗೆ ಹೋಗಿ ನೋಡಿರಬೇಕು. ಅಗ್ರಿಮೆಂಟಿಗೆ ಎರಡೂ ಕಡೆ ಸಹಿ ಆಗಿರಬೇಕು. ಹಣ ಕೊಡುವುದು ಅದರ ನಂತರ. ಮನೆ ತೋರಿಸಲು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ನಾನು ಹೋದ ಹೊಸದರಲ್ಲಿ ಬ್ರೋಕರ್ ಫೀಸನ್ನು ಬಾಡಿಗೆಗೆ ಬರುವವರೇ ಕೊಡುವ ರೂಢಿ ಇತ್ತು. 2015ರ ಜೂನ್‌ನಿಂದ ಕಾನೂನು ಬದಲಾಗಿದೆ. ಬ್ರೋಕರನ್ನು ಯಾರು ಕರೆಸಿದರೋ ಅವರೇ ಫೀಸ್ ಕೊಡಬೇಕು. ಹೆಚ್ಚಾಗಿ ಅದು ಓನರ್.

ಪಾಸ್‌ಪೋರ್ಟ್ ಪ್ರತಿ ಹೋಗಿದೆ ಅಂದಿರಿ. ಅದನ್ನು ತೋರಿಸಿ ನಿಮ್ಮ ಹೆಸರಲ್ಲೇ ಮುಂದಿನವರಿಗೆ ಮೋಸ ಮಾಡಬಹುದು. ಆ ಜಾಹೀರಾತನ್ನು ತಾಣದವರಿಗೆ ವರದಿ ಮಾಡಿ. ಅವರ ಜೊತೆಗಿನ ಎಲ್ಲ ಮೆಸೇಜುಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಪೊಲೀಸರಿಗೆ ಒಂದು ದೂರು ಕೊಟ್ಟಿಡಿ. ಮುಂದೆ ಯಾರಿಗಾದರೂ ಪ್ರತಿ ಕಳಿಸುವಾಗ ಅದರ ಮೇಲೆ ಅಡ್ಡಡ್ಡ ‘ಬಾಡಿಗೆ ಅರ್ಜಿಗೆ ಮಾತ್ರ’ ಅಂತ ಜರ್ಮನ್‌ನಲ್ಲಿ ತಾರೀಖಿನ ಸಮೇತ ಬರೆಯಿರಿ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಈಗಾಗಲೇ ಹಣ ಹಾಕಿದ್ದರೆ, ಓದುವುದನ್ನು ನಿಲ್ಲಿಸಿ ಮೊದಲು ಬ್ಯಾಂಕಿಗೆ ಫೋನ್ ಮಾಡಿ.

ಪ್ರಶ್ನೆ: ಅಕ್ಕ, ನಾವು ಮ್ಯೂನಿಕ್‌ಗೆ ಬಂದು ಹತ್ತು ತಿಂಗಳಾಯಿತು. ಹೆರ್ಶಿಂಗ್‌ನಲ್ಲಿ ಕೆರೆಯ ಹತ್ತಿರ ಒಳ್ಳೆಯ ಮನೆ ಸಿಕ್ಕಿದೆ. ನನ್ನ ಆಫೀಸ್ ಉಂಟರ್‌ಫ್ಯೋರಿಂಗ್‌ನಲ್ಲಿ. ಎರಡೂ ಎಸ್8 ಮಾರ್ಗದಲ್ಲೇ ಇವೆ, ರೈಲು ಬದಲಾಯಿಸಬೇಕಾಗಿಯೇ ಇಲ್ಲ ಅಂತ ತೆಗೆದುಕೊಂಡೆವು. ಈಗ ನೋಡಿದರೆ ವಾರಕ್ಕೆ ಎರಡು ದಿನವಾದರೂ ರೈಲು ನಡುವೆ ನಿಲ್ಲುತ್ತದೆ. ಮಗನಿಗೆ ಮೂರು ವರ್ಷ. ನಾನು ಹೊರಡುವಾಗ ಮಲಗಿರುತ್ತಾನೆ, ಬರುವಾಗ ಊಟ ಮುಗಿಸಿ ಕಣ್ಣು ಉಜ್ಜುತ್ತಿರುತ್ತಾನೆ. ಮನೆಯವರು ಮನೆಯಿಂದಲೇ ಕೆಲಸ ಮಾಡುತ್ತಾರೆ, ಅವರಿಗೆ ಈ ಮನೆ ಇಷ್ಟ. ಬಿಟ್ಟು ಬೇರೆ ಕಡೆ ಹೋಗೋಣವೇ ಅಥವಾ ಸಹಿಸಿಕೊಳ್ಳಲೇ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಣ್ಣು ಉಜ್ಜುತ್ತಿರುತ್ತಾನೆ ಅಂತ ಬರೆದಿದ್ದೀರಲ್ಲ, ಅದು ಮನಸ್ಸಿನಲ್ಲಿ ಉಳಿದುಬಿಟ್ಟಿತು. ನನ್ನ ಅಭಿಪ್ರಾಯ ಕೇಳಿದರೆ, ಮನೆ ಬದಲಾಯಿಸಿ.

ರೈಲು ಯಾಕೆ ನಿಲ್ಲುತ್ತದೆ ಅಂತ ಹೇಳುತ್ತೇನೆ, ಆಗ ಇದು ಬೇಗ ಸರಿಯಾಗುವ ವಿಷಯ ಅಲ್ಲ ಅಂತ ನಿಮಗೇ ಗೊತ್ತಾಗುತ್ತದೆ. ಊರ ನಡುವೆ ಮುಖ್ಯ ರೈಲು ನಿಲ್ದಾಣದಿಂದ ಪೂರ್ವದ ನಿಲ್ದಾಣವಾದ ಓಸ್ಟ್‌ಬಾನ್‌ಹೋಫ್ ಕಡೆಗೆ ಒಂದು ಸುರಂಗ ಇದೆ. ಸ್ಟಾಮ್‌ಸ್ಟ್ರೆಕೆ ಅನ್ನುತ್ತಾರೆ, ಅಂದರೆ ಕಾಂಡ. ಮರದ ಎಲ್ಲ ಕೊಂಬೆಗೂ ಒಂದೇ ಕಾಂಡ ಇದ್ದ ಹಾಗೆ ಹೆಚ್ಚುಕಡಿಮೆ ಎಲ್ಲ ಎಸ್-ಬಾನ್ ರೈಲುಗಳೂ ಆ ಎರಡು ಹಳಿಗಳ ಮೇಲೇ ಹೋಗಬೇಕು. 1972ರ ಒಲಿಂಪಿಕ್ಸ್‌ಗೆ ಮುಂಚೆ ತೆರೆದದ್ದು. ಒಂದು ರೈಲಿನ ಬಾಗಿಲು ಮುಚ್ಚದಿದ್ದರೂ ಹಿಂದಿನ ರೈಲುಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಎರಡನೇ ಸುರಂಗದ ಕೆಲಸ 2017ರಲ್ಲಿ ಶುರುವಾಗಿದೆ, ಮುಗಿಯಲು ಇನ್ನೂ ವರ್ಷಗಳು ಬೇಕು. ಹೆರ್ಶಿಂಗ್ ಇರುವುದು ಸುರಂಗದ ಪಶ್ಚಿಮಕ್ಕೆ, ಉಂಟರ್‌ಫ್ಯೋರಿಂಗ್ ಪೂರ್ವಕ್ಕೆ. ನೀವು ದಿನಾ ಪೂರ್ತಿ ಕಾಂಡ ದಾಟಬೇಕು. ರೈಲು ಬದಲಾಯಿಸಬೇಕಾಗಿಲ್ಲ ಅನ್ನುವುದು ಒಳ್ಳೆಯದೇ. ಆದರೆ ಸುರಂಗ ದಾಟಬೇಕಾಗಿಲ್ಲ ಅನ್ನುವುದು ಅದಕ್ಕಿಂತ ಒಳ್ಳೆಯದು.

ಹೊಸ ಮನೆಯನ್ನು ಓಸ್ಟ್‌ಬಾನ್‌ಹೋಫ್‌ನಿಂದ ಪೂರ್ವಕ್ಕೆ ನೋಡಿ. ಡಾಗ್ಲ್‌ಫಿಂಗ್, ಯೊಹಾನ್ನೆಸ್‌ಕಿರ್ಶೆನ್, ಇಸ್ಮಾನಿಂಗ್ ಎಲ್ಲ ನಿಮ್ಮ ಎಸ್8ರಲ್ಲೇ ಇವೆ. ಬಸ್ಸಿನಲ್ಲೋ ಸೈಕಲ್‌ನಲ್ಲೋ ಆಫೀಸಿಗೆ ಹೋಗಬಹುದಾದ ದೂರ. ರೈಲು ಕೆಟ್ಟ ದಿನ ಇನ್ನೊಂದು ದಾರಿ ಇದೆ ಅನ್ನುವುದೇ ಎಷ್ಟೋ ಸಮಾಧಾನ.

ಬಿಡುವ ಮೊದಲು ಅಗ್ರಿಮೆಂಟ್ ತೆಗೆದು ‘ಕ್ಯುಂಡಿಗುಂಗ್ಸ್‌ಫೆರ್ತ್ಸಿಶ್ಟ್’ ಅನ್ನುವ ಪದ ಇದೆಯಾ ಹುಡುಕಿ. ಇಷ್ಟು ವರ್ಷ ಎರಡೂ ಕಡೆಯವರು ಮನೆ ಬಿಡುವ ಮಾತಾಡುವುದಿಲ್ಲ ಅನ್ನುವ ಷರತ್ತು ಅದು. ಇದ್ದರೆ ಆ ಅವಧಿ ಮುಗಿಯಬೇಕು, ಇಲ್ಲವೇ ಓನರ್ ಒಪ್ಪಬೇಕು. ‘ನನ್ನ ಬದಲು ಇನ್ನೊಬ್ಬರನ್ನು ಕರೆತಂದರೆ ಬಿಡಲೇಬೇಕು’ ಅಂತ ಜನ ಹೇಳುತ್ತಾರೆ, ಅಂಥ ನಿಯಮ ಇಲ್ಲ. ಆದರೂ ಕೆರೆ ಹತ್ತಿರದ ಮನೆಗೆ ಜನ ಬೇಗ ಸಿಗುತ್ತಾರೆ, ಸೌಮ್ಯವಾಗಿ ಕೇಳಿದರೆ ಎಷ್ಟೋ ಓನರ್‌ಗಳು ಒಪ್ಪುತ್ತಾರೆ. ಷರತ್ತು ಇಲ್ಲದಿದ್ದರೆ ಮೂರು ತಿಂಗಳ ನೋಟಿಸ್ ಸಾಕು. ನೋಟಿಸ್ ಕಾಗದದಲ್ಲೇ ಇರಬೇಕು, ಮನೆ ಹಿಡಿದವರೆಲ್ಲರೂ ಪೆನ್ನಿನಿಂದ ಸಹಿ ಹಾಕಿರಬೇಕು. ಇಮೇಲ್, ವಾಟ್ಸ್‌ಆ್ಯಪ್ ಲೆಕ್ಕಕ್ಕಿಲ್ಲ. ತಿಂಗಳ ಮೂರನೇ ಕೆಲಸದ ದಿನದೊಳಗೆ ಅವರ ಕೈ ಸೇರಿದರೆ ಆ ತಿಂಗಳೂ ಮೂರರಲ್ಲಿ ಸೇರುತ್ತದೆ. ಮಾರ್ಚ್ ಮೊದಲಲ್ಲೇ ಸೇರಿದರೆ ಮೇ ಕೊನೆಗೆ ಬಿಡುಗಡೆ. ಒಂದು ದಿನ ತಪ್ಪಿದರೆ ಒಂದು ತಿಂಗಳ ಬಾಡಿಗೆ ಹೋಗುತ್ತದೆ. ಅನುಮಾನ ಇದ್ದರೆ ಮೀಟರ್‌ಫೆರೈನ್ ಮ್ಯೂನ್ಶೆನ್ ಅನ್ನುವ ಬಾಡಿಗೆದಾರರ ಸಂಘ ಇದೆ. ಸದಸ್ಯರಾದರೆ ಅಲ್ಲಿನ ವಕೀಲರು ನಿಮ್ಮ ಅಗ್ರಿಮೆಂಟ್ ಓದಿ ಹೇಳುತ್ತಾರೆ.

ಅಲ್ಲಿಯವರೆಗೆ ಆಫೀಸಿನಲ್ಲಿ ಮಾತಾಡಿ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಕೇಳಿ. ಉಳಿದ ದಿನ ಆರು ಗಂಟೆಯ ರೈಲಿಗೆ ಹೊರಟು ಮೂರೂವರೆಗೆ ಬಿಡುವ ಹಾಗೆ ಆಗುತ್ತದಾ ನೋಡಿ. ಬೆಳಿಗ್ಗೆ ಹೇಗೂ ಅವನು ಮಲಗಿರುತ್ತಾನೆ. ಸಂಜೆ ಐದಕ್ಕೆ ನೀವು ಮನೆಯಲ್ಲಿದ್ದರೆ ಅವನಿಗೆ ಅದು ಪೂರ್ತಿ ಒಂದು ದಿನ. ಮನೆಯವರಿಗೆ ಈ ಮನೆ ಇಷ್ಟ ಅಂದಿರಿ. ಒಂದು ವಾರ ಅವರನ್ನೇ ನಿಮ್ಮ ಜೊತೆ ಬೆಳಿಗ್ಗೆ ರೈಲಿನಲ್ಲಿ ಆಫೀಸಿನವರೆಗೆ ಬರಲು ಹೇಳಿ. ಕೋಪದಿಂದಲ್ಲ, ಜೊತೆಗೆ ಬನ್ನಿ ಅಂತ. ನನ್ನ ಗಂಡ ಏರ್ಡಿಂಗ್‌ನಿಂದ ನನ್ನ ಜೊತೆ ಹಾಗೆ ಬಂದಿದ್ದು ಎರಡೇ ದಿನ. ಎರಡನೇ ದಿನ ಮಾರಿಯನ್‌ಪ್ಲಾಟ್ಸ್ ಮೆಟ್ಟಿಲ ಮೇಲೆ ನಿಂತು, ನಮ್ಮ ರೈಲು ಹೋಗಿದ್ದನ್ನು ನೋಡಿ, ‘ಇವತ್ತು ಸಂಜೆಯೇ ನೋಟಿಸ್ ಬರೆಯೋಣ’ ಅಂದರು.